ತೆಗೀದೇ ಬಿಟ್ಟ ಒಂದು ಬಗ್ | ಗೇಮ್ ಇತಿಹಾಸ, ಭಾಗ 6 🕹️

ಫೋನಲ್ಲಿ ಫೈಟಿಂಗ್ ಗೇಮ್ ಆಡುವಾಗ ಸ್ಕ್ರೀನ್ ಪಕ್ಕದಲ್ಲಿ "5 ಹಿಟ್ ಕಾಂಬೋ" ಅಂತ ಬರುತ್ತಲ್ಲ, ನೋಡಿರ್ತೀರ. ಆ ಕಾಂಬೋನ ಮೊದಲು ಯಾರೂ ಪ್ಲಾನ್ ಮಾಡಿರ್ಲಿಲ್ಲ ಅಂದ್ರೆ ನಂಬ್ತೀರಾ?

1991. ಜಪಾನಿನ ಕ್ಯಾಪ್‌ಕಾಮ್ ಕಂಪನಿ ಸ್ಟ್ರೀಟ್ ಫೈಟರ್ 2 ಅನ್ನು ಆರ್ಕೇಡ್‌ಗಳಿಗೆ ತಂತು. ಆರ್ಕೇಡ್ ಅಂದ್ರೆ ಕಾಯಿನ್ ಹಾಕಿ ಗೇಮ್ ಆಡೋ ಜಾಗ. ಒಂದು ಜಾಯ್‌ಸ್ಟಿಕ್, ಆರು ಬಟನ್: ಮೂರು ಪಂಚ್‌ಗೆ, ಮೂರು ಕಿಕ್‌ಗೆ. ಆರಿಸಿಕೊಳ್ಳೋಕೆ ಎಂಟು ಜನ ಫೈಟರ್‌ಗಳು. ಅದರಲ್ಲಿ ಒಬ್ಬ ಭಾರತದ ಯೋಗಿ, ಹೆಸರು ಧಾಲ್ಸಿಮ್. ಕೈಕಾಲು ರಬ್ಬರ್ ಥರ ಚಾಚ್ತಾನೆ, ಬಾಯಿಂದ ಬೆಂಕಿ ಬಿಡ್ತಾನೆ. ನಮ್ಮ ಯೋಗ ಕ್ಲಾಸಲ್ಲಿ ಇದನ್ನ ಹೇಳ್ಕೊಡಲ್ಲ ಬಿಡಿ 😅

ಗೇಮ್ ಇನ್ನೂ ತಯಾರಾಗ್ತಿದ್ದಾಗ ಕ್ಯಾಪ್‌ಕಾಮ್‌ನ ನೊರಿತಾಕಾ ಫುನಾಮಿಜು ಕಾರು ಒಡೆಯೋ ಬೋನಸ್ ಹಂತವನ್ನ ಚೆಕ್ ಮಾಡ್ತಿದ್ರು. ಟೈಮಿಂಗ್ ಸರಿಯಾಗಿ ಕೂತ್ರೆ ಒಂದು ಏಟಿನ ಬೆನ್ನಿಗೇ ಇನ್ನೊಂದು ಏಟು ಬೀಳ್ತಿರೋದು ಕಣ್ಣಿಗೆ ಬಿತ್ತು. ಅದೇ ಎದುರಾಳಿ ಮೇಲೆ ಬಿದ್ರೆ ಅವನಿಗೆ ತಡೆಯೋಕೆ ಸಮಯವೇ ಇಲ್ಲ. ಲೆಕ್ಕಕ್ಕೆ ಅದು ಬಗ್. ನಮ್ಮ ಅಕೌಂಟೆನ್ಸಿಯಲ್ಲಾದ್ರೆ ತಕ್ಷಣ ರೆಕ್ಟಿಫಿಕೇಷನ್ ಎಂಟ್ರಿ! ಅವರು ಮಾತ್ರ ತೆಗೀಲಿಲ್ಲ. ಇಷ್ಟು ಕಷ್ಟದ ಟೈಮಿಂಗ್ ಯಾರಿಗೂ ಅಷ್ಟಾಗಿ ಉಪಯೋಗಕ್ಕೆ ಬರಲ್ಲ ಅಂದ್ಕೊಂಡು, ಗುಟ್ಟಾಗಿ ಇರ್ಲಿ ಅಂತ ಬಿಟ್ರು.

ಆಟಗಾರರು ಬಿಡಬೇಕಲ್ಲ! ಆರ್ಕೇಡಲ್ಲಿ ಸೋತವನು ಮತ್ತೆ ಕಾಯಿನ್ ಹಾಕ್ಬೇಕು, ಗೆದ್ದವನು ಅಲ್ಲೇ ನಿಂತು ಮುಂದಿನವನ ಜೊತೆ ಆಡ್ತಾನೆ. ಚೆನ್ನಾಗಿ ಕಲಿತಷ್ಟೂ ಖರ್ಚು ಕಮ್ಮಿ. ಹಾಗಾಗಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಪ್ರಾಕ್ಟೀಸ್ ಮಾಡಿದ್ರು, ಒಬ್ಬರನ್ನ ನೋಡಿ ಒಬ್ಬರು ಕಲಿತ್ರು. 1993ರ ಸೂಪರ್ ಸ್ಟ್ರೀಟ್ ಫೈಟರ್ 2ರಲ್ಲಿ ಕಂಪನಿಯೇ ಕಾಂಬೋ ಎಣಿಸಿ ಬೋನಸ್ ಅಂಕ ಕೊಡೋಕೆ ಶುರು ಮಾಡ್ತು. ಬಗ್ ಹೋಗಿ ರೂಲ್ ಆಯ್ತು.

ಅಷ್ಟೊತ್ತಿಗೆ ಬೇರೆ ಕಂಪನಿಗಳೂ ಇದೇ ದಾರಿ ಹಿಡಿದಿದ್ವು. ಡೇಟಾ ಈಸ್ಟ್ ತಂದ ಫೈಟರ್ಸ್ ಹಿಸ್ಟರಿ ನಮ್ಮದರ ಕಾಪಿ ಅಂತ ಕ್ಯಾಪ್‌ಕಾಮ್ ಅಮೆರಿಕದ ಕೋರ್ಟಿಗೆ ಹೋಯ್ತು. 1994ರಲ್ಲಿ ಕೋರ್ಟ್ ತಡೆ ಕೊಡೋಕೆ ಒಪ್ಪಲಿಲ್ಲ. ಹೋಲಿಕೆ ಇರೋ ಹೆಚ್ಚಿನ ಪಾತ್ರ, ಪಟ್ಟುಗಳು ಇಂಥ ಆಟದಲ್ಲಿ ಸಹಜವಾಗಿ ಇರುವಂಥವು, ಅವಕ್ಕೆ ಕಾಪಿರೈಟ್ ರಕ್ಷಣೆ ಇಲ್ಲ ಅನ್ನೋದು ಅದರ ನಿಲುವು. ದಾರಿ ಎಲ್ಲರಿಗೂ ತೆರೆದೇ ಉಳೀತು.

ಮುಂದೆ 2004, ಕ್ಯಾಲಿಫೋರ್ನಿಯಾದ ಇವೊ ಟೂರ್ನಮೆಂಟ್. ಗೇಮ್, ಸ್ಟ್ರೀಟ್ ಫೈಟರ್ 3. ಡೈಗೊ ಉಮೆಹಾರಾಗೆ ಉಳಿದಿದ್ದು ಕೂದಲೆಳೆಯಷ್ಟು ಜೀವ. ಜಸ್ಟಿನ್ ವಾಂಗ್ ಬಿಟ್ಟ 15 ಏಟನ್ನೂ ಒಂದೊಂದಾಗಿ ತಡೆದು, ತಿರುಗಿಸಿ ಕಾಂಬೋ ಹೊಡೆದು ಆ ರೌಂಡ್ ಗೆದ್ರು. ಆ ವಿಡಿಯೋ ಹುಡುಕಿ ನೋಡಿ, ಜನರ ಕೂಗು ಕೇಳಿದ್ರೆ ಮೈ ಜುಮ್ ಅನ್ನುತ್ತೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಂತೂ ಸ್ಟ್ರೀಟ್ ಫೈಟರ್ 5ಕ್ಕೆ ಪದಕವೇ ಇತ್ತು.

ಗೇಮ್ ಮಾಡಿದವರು ಒಂದು ಬಾಗಿಲು ಮುಚ್ಚದೇ ಬಿಟ್ರು, ಅಷ್ಟೇ. ಒಳಗೆ ಹೋಗಿ ಮನೆ ಕಟ್ಟಿದ್ದು ಕಾಯಿನ್ ಹಿಡ್ಕೊಂಡು ಕ್ಯೂ ನಿಂತ ಹುಡುಗ್ರು. ಅವರಲ್ಲಿ ಬಹುತೇಕರ ಹೆಸರು ಎಲ್ಲೂ ದಾಖಲಾಗಿಲ್ಲ.

ನೀವು ಕಷ್ಟಪಟ್ಟು ಕಲಿತ ಕಾಂಬೋ ಯಾವುದು? ಕಾಮೆಂಟಲ್ಲಿ ಹಾಕಿ 👇

#ಗೇಮ್_ಇತಿಹಾಸ #ಸ್ಟ್ರೀಟ್‌ಫೈಟರ್ #ಕನ್ನಡದಲ್ಲಿ_ಗೇಮಿಂಗ್