ಮಂಗ ಯಾವ ದಡದ್ದು?

ದೊಡ್ಡ ಕಾಡಿನ ಹೊಳೆಯಲ್ಲಿ ದೋಣಿ ಹೋಗುತ್ತಿದೆ ಅಂದುಕೊಳ್ಳಿ. ದಡದ ಮರದಲ್ಲಿ ಕೊಂಬೆ ಅಲ್ಲಾಡುತ್ತದೆ. ಮಂಗ! ಎಲ್ಲರ ಕೈಯಲ್ಲೂ ಮೊಬೈಲು ಮೇಲೇಳುತ್ತದೆ. ಫೋಟೊ ಸಿಕ್ಕಿತು, ಸ್ಟೇಟಸ್‌ಗೂ ಹೋಯಿತು. ಆದರೆ ಅದು ಎಡದಂಡೆಯ ಮಂಗವೋ ಬಲದಂಡೆಯದೋ ಅಂತ ಯಾರಾದರೂ ಬರೆದಿಟ್ಟುಕೊಳ್ಳುತ್ತಾರಾ?

ಸುಮಾರು 170 ವರ್ಷದ ಹಿಂದೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯಲ್ಲಿ ಓಡಾಡಿದ ಒಬ್ಬ ಹಾಗೆ ಬರೆದಿಟ್ಟುಕೊಂಡ. ಅವನ ಹೆಸರು ಆಲ್ಫ್ರೆಡ್ ರಸೆಲ್ ವಾಲೇಸ್. ಆದರೆ ಆ ಮಾತು ಅವನಿಗಿಂತ ಮೊದಲು ಗೊತ್ತಿದ್ದವರು ಬೇರೆಯವರು.

1848ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ವಾಲೇಸ್ ಹಡಗು ಹತ್ತಿದಾಗ ವಯಸ್ಸು 25. ಜೊತೆಗಿದ್ದ ಗೆಳೆಯ ಹೆನ್ರಿ ವಾಲ್ಟರ್ ಬೇಟ್ಸ್‌ಗೆ 23. ಇಬ್ಬರೂ ಶ್ರೀಮಂತರಲ್ಲ. ವಾಲೇಸ್ ಜಮೀನು ಅಳೆಯುವ ಸರ್ವೆ ಕೆಲಸ ಮಾಡಿಕೊಂಡಿದ್ದವನು. ಕೀಟ, ಹಕ್ಕಿ, ಪ್ರಾಣಿಗಳನ್ನು ಹಿಡಿದು ಲಂಡನ್ನಿಗೆ ಕಳಿಸುವುದು, ಅಲ್ಲಿ ಸಾಮ್ಯುಯೆಲ್ ಸ್ಟೀವನ್ಸ್ ಎಂಬ ಏಜೆಂಟ್ ಅವನ್ನು ಮ್ಯೂಸಿಯಂಗಳಿಗೆ, ಹವ್ಯಾಸಿಗಳಿಗೆ ಮಾರುವುದು, ಆ ದುಡ್ಡಿನಲ್ಲಿ ಮುಂದಿನ ಪಯಣ. ಹಾಗಾಗಿ ಆಗ ಪ್ರಾಣಿ ನೋಡುವುದೆಂದರೆ ಹೆಚ್ಚಾಗಿ ಕೋವಿ ಎತ್ತುವುದೇ. ಚರ್ಮ ಸುಲಿದು ಒಣಗಿಸಿ ಚೀಟಿ ಕಟ್ಟಿದರೆ ಮಾತ್ರ ಅದು 'ನೋಡಿದ' ಲೆಕ್ಕ.

ದೋಣಿಯಲ್ಲಿ ಕೂತರೆ ಪ್ರಾಣಿಗಳು ಸಾಲಾಗಿ ಕಾಣುತ್ತವೆ ಅಂದುಕೊಂಡರೆ ತಪ್ಪು. ಅಮೆಜಾನಿನ ನಡುವೆ ನಿಂತರೆ ಕಾಣುವುದು ನೀರೇ. ಹೊನ್ನಾವರದಲ್ಲಿ ಶರಾವತಿಯ ರೈಲ್ವೆ ಸೇತುವೆ ನೋಡಿದ್ದೀರಲ್ಲ, ಅದು 2 ಕಿಲೋಮೀಟರಿಗೆ ತುಸು ಹೆಚ್ಚು. ಅಮೆಜಾನಿನ ಬರೀ ಒಂದು ಉಪನದಿ ರಿಯೊ ನೀಗ್ರೊ. ಅದರ ಮೇಲೆ ಮನೌಸ್ ಊರಿನ ಬಳಿ 2011ರಲ್ಲಿ ತೆರೆದ ಸೇತುವೆ ಸುಮಾರು ಮೂರೂವರೆ ಕಿಲೋಮೀಟರ್. ಇಷ್ಟು ದೂರದಿಂದ ಮಂಗವೂ ಒಂದೇ, ಒಣಗಿದ ಎಲೆಯೂ ಒಂದೇ.

ಕಾಣಬೇಕಾದರೆ ಕಿರುದೋಣಿಯಲ್ಲಿ ದಡದ ಕಾಡಿನೊಳಗೇ ಹೋಗಬೇಕು. ಅದಕ್ಕೂ ಕಾಲ ಇದೆ. ಮಳೆಗಾಲದ ನೆರೆಯಲ್ಲಿ ನದಿ ಹತ್ತು ಮೀಟರಿಗೂ ಹೆಚ್ಚು ಏರುವ ಜಾಗಗಳಿವೆ. ಆಗ ಕಾಡೇ ನೀರಲ್ಲಿ ನಿಲ್ಲುತ್ತದೆ, ದೋಣಿ ಮರದ ಕೊಂಬೆಗಳ ಮಧ್ಯೆ ನುಗ್ಗುತ್ತದೆ, ಬಿದ್ದ ಹಣ್ಣನ್ನು ಮೀನು ತಿನ್ನುತ್ತದೆ. ನೀರು ಇಳಿದಾಗ ಮರಳ ದಿಬ್ಬದ ಮೇಲೆ ಆಮೆ, ಮೊಸಳೆಯ ಜಾತಿಯ ಕೇಮನ್. ಹೌಲರ್ ಮಂಗ ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಕಿಲೋಮೀಟರುಗಟ್ಟಲೆ ಕೇಳುತ್ತದೆ. ಇದನ್ನೆಲ್ಲ ತಿಳಿದು ದೋಣಿ ಎತ್ತ ತಿರುಗಿಸಬೇಕು ಅಂತ ಹೇಳುತ್ತಿದ್ದವರು ಹುಟ್ಟು ಹಾಕುತ್ತಿದ್ದ ಸ್ಥಳೀಯರು, ಆ ಕಾಡಿನ ಬೇಟೆಗಾರರು.

ಅವರ ಕೈಚಳಕದ ಬಗ್ಗೆ ಬೇಟ್ಸ್ ಬರೆದದ್ದು ಓದಿದರೆ ಬೆರಗಾಗುತ್ತದೆ. ಕೆಂಪು ಮುಖದ ಉಕಾರಿ ಎಂಬ ಮಂಗವನ್ನು ಜೀವಂತ ಹಿಡಿಯಬೇಕು. ಒಲೆ ಊದುವ ಕೊಳವೆಯ ಹಾಗೆಯೇ, ಆದರೆ ಆಳಿಗಿಂತ ಉದ್ದದ ಊದುಗೊಳವೆ. ಅದರಲ್ಲಿ ತೆಳು ಮಾಡಿದ ವಿಷ ಹಚ್ಚಿದ ಮುಳ್ಳುಬಾಣ. ಬಾಣ ತಾಗಿದ ಮಂಗ ಮರದಿಂದ ಮರಕ್ಕೆ ಹಾರುತ್ತ ಹೋಗಿ ಕೊನೆಗೆ ಸೋತು ಬೀಳುತ್ತದೆ. ಕೆಳಗೆ ಕಾದಿದ್ದವರು ಹಿಡಿದು ಬಾಯಿಗೆ ಚಿಟಿಕೆ ಉಪ್ಪು ಹಾಕುತ್ತಾರೆ, ಅದು ಚೇತರಿಸಿಕೊಳ್ಳುತ್ತದೆ. ಬೇಟ್ಸ್ ಅಲ್ಲಿ 11 ವರ್ಷ ಇದ್ದವನು, ಕೇಳಿ ನೋಡಿ ಬರೆದ ಮಾತಿದು.

ವಾಲೇಸ್ ಗೆಳೆಯನಿಂದ ಬೇರಾಗಿ ರಿಯೊ ನೀಗ್ರೊ ಹತ್ತಿ ತುಂಬ ದೂರ ಹೋದ. ಅವನಿಗೆ ಸಹಾಯಕ್ಕೆಂದು ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಪಾರಾ ಎಂಬ ಬಂದರಿನಲ್ಲಿ ಹಳದಿ ಜ್ವರಕ್ಕೆ ತೀರಿಹೋದ. 1852ರ ಜುಲೈನಲ್ಲಿ ವಾಲೇಸ್ ವಾಪಸ್ ಹೊರಟ 'ಹೆಲೆನ್' ಹಡಗಿಗೆ ಆಗಸ್ಟ್ 6ರಂದು ನಡುಸಮುದ್ರದಲ್ಲಿ ಬೆಂಕಿ ಬಿತ್ತು. ಕೊನೆಯ ವರ್ಷಗಳ ಸಂಗ್ರಹವೆಲ್ಲ ಸುಟ್ಟಿತು. ಸಾಕಿ ತರುತ್ತಿದ್ದ ಮಂಗಗಳೂ ಗಿಳಿಗಳೂ ಹಡಗಿನಲ್ಲೇ ಸತ್ತವು. ಹಗ್ಗ ಸುಟ್ಟು ನೀರಿಗೆ ಬಿದ್ದ ಒಂದೇ ಒಂದು ಗಿಳಿ ಉಳಿಯಿತು. ಜನ ಹತ್ತು ದಿನ ತೆರೆದ ದೋಣಿಗಳಲ್ಲಿ ತೇಲಿದ ಮೇಲೆ ಇನ್ನೊಂದು ಹಡಗು ಸಿಕ್ಕಿತು.

ಅದೇ ವರ್ಷ ಡಿಸೆಂಬರ್ 14ರಂದು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಅವನು ಅಮೆಜಾನಿನ ಮಂಗಗಳ ಬಗ್ಗೆ ಒಂದು ಪ್ರಬಂಧ ಓದಿದ. ತಾನು ಕಂಡ 21 ಜಾತಿಗಳ ಲೆಕ್ಕ ಕೊಟ್ಟ. ಜೊತೆಗೊಂದು ದೂರು: ಮ್ಯೂಸಿಯಂ ಚೀಟಿಗಳಲ್ಲಿ 'ಬ್ರೆಜಿಲ್' ಅಂತಲೋ, ಅದೃಷ್ಟವಿದ್ದರೆ 'ಅಮೆಜಾನ್ ನದಿ' ಅಂತಲೋ ಇರುತ್ತದೆ, ಯಾವ ದಡ ಅಂತ ಇರುವುದಿಲ್ಲ. ಅಲ್ಲೇ ಇದೆ ವಿಷಯ. ಅಮೆಜಾನ್, ರಿಯೊ ನೀಗ್ರೊ, ಮದೈರಾ ನದಿಗಳು ಮಂಗಗಳಿಗೆ ಗಡಿ. ಈ ದಡದ ಎಷ್ಟೋ ಜಾತಿ ಆ ದಡದಲ್ಲಿ ಇಲ್ಲ. ಮೇಲೆ ಹೋದಂತೆ ನದಿ ಕಿರಿದಾಗುತ್ತದೆ, ಹುಟ್ಟುವ ಕಡೆ ಎರಡೂ ದಡದಲ್ಲಿ ಅದೇ ಪ್ರಾಣಿ ಸಿಗುತ್ತದೆ.

ಮತ್ತೆ ಅವನೇ ಹೇಳುತ್ತಾನೆ: ಇದು ಅಲ್ಲಿನ ಬೇಟೆಗಾರರಿಗೆ ಚೆನ್ನಾಗಿ ಗೊತ್ತು. ಇಂಥ ಪ್ರಾಣಿ ಬೇಕು ಅಂದರೆ ಅವರು ಸೀದಾ ಹೊಳೆ ದಾಟುತ್ತಾರೆ. ಇಷ್ಟು ಒಪ್ಪಿಕೊಂಡದ್ದು ಅವನ ದೊಡ್ಡತನ ಅನ್ನಬೇಕು, ಆ ಕಾಲದಲ್ಲಿ ಇಷ್ಟನ್ನೂ ಬರೆಯದವರು ಬಹಳ. ಆದರೂ ಆ ಬೇಟೆಗಾರರು ಯಾರು, ಯಾವ ಊರವರು? ಪ್ರಬಂಧದಲ್ಲಿ ಅವರಿಗೆ ಹೆಸರಿಲ್ಲ. ಸುಟ್ಟುಹೋದ ಚರ್ಮಗಳ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರಿದ್ದರು, ಏಜೆಂಟ್ ಸ್ಟೀವನ್ಸ್ ಅವಕ್ಕೆ ವಿಮೆಯನ್ನೂ ಮಾಡಿಸಿದ್ದ. ಯಾವ ದಡ ಅಂತ ಹೇಳಿಕೊಟ್ಟ ಮಾತಿಗೆ ಅಂಥ ಲೆಕ್ಕ ಇರಲಿಲ್ಲ.

ಮುಂದೆ ವಾಲೇಸ್ ಆಗ್ನೇಯ ಏಷ್ಯಾದ ದ್ವೀಪಗಳಿಗೆ ಹೋದ. 1858ರಲ್ಲಿ ಜೀವವಿಕಾಸದ ಬಗ್ಗೆ ಅವನ ಬರಹ ಡಾರ್ವಿನ್ನನ ಬರಹದ ಜೊತೆಗೇ ಲಂಡನ್ನಿನಲ್ಲಿ ಓದಲ್ಪಟ್ಟಿತು. ಗಡಿ ಎಲ್ಲಿದೆ ಅಂತ ಕೇಳುವ ಅಭ್ಯಾಸ ಮಾತ್ರ ಅಮೆಜಾನಿನದೇ.

1992ರಲ್ಲಿ ಬ್ರೆಜಿಲಿನ ವಿಜ್ಞಾನಿ ಹೊಸೆ ಮಾರ್ಸಿಯೊ ಐರೆಸ್ ಮತ್ತು ಬ್ರಿಟನ್ನಿನ ಕ್ಲಟನ್-ಬ್ರಾಕ್ ಇದನ್ನು ಮತ್ತೆ ಲೆಕ್ಕ ಹಾಕಿ ನೋಡಿದರು. ನದಿ ದೊಡ್ಡದಾದಷ್ಟೂ ಎರಡು ದಡದ ಮಂಗಗಳ ಹೋಲಿಕೆ ಕಡಿಮೆ. ವಾಲೇಸ್ ಹೇಳಿದ್ದು ಬಹುಪಾಲು ಸರಿ. ಬಹುಪಾಲು ಅಂದೆ, ಯಾಕೆಂದರೆ ಎಲ್ಲ ಜಾತಿಗೂ ಇದು ಅನ್ವಯಿಸುವುದಿಲ್ಲ. ನದಿ ಒಮ್ಮೊಮ್ಮೆ ದಾರಿ ಬದಲಿಸುತ್ತದೆ. ಆಗ ಕಾಡಿನ ತುಂಡೊಂದು ಮಂಗಗಳ ಸಮೇತ ಆಚೆ ದಡಕ್ಕೆ ಸೇರಿಬಿಡುತ್ತದೆ, ಮಂಗ ಕೂತಲ್ಲೇ ನದಿ ದಾಟಿದಂತೆ!

ಈ ಐರೆಸ್ ಅಧ್ಯಯನ ಮಾಡಿದ್ದು ಬಿಳಿ ಉಕಾರಿಯನ್ನು, ಬೇಟ್ಸ್ ಬರೆದಿದ್ದ ಅದೇ ಕೆಂಪು ಮುಖದ ಮಂಗ. ಅದು ಇರುವ ಮಾಮಿರವಾ ಕಾಡಿನ ರಕ್ಷಣೆಗೆ ದುಡಿದವರಲ್ಲಿ ಅವರೇ ಮುಖ್ಯರು. ಜನರನ್ನು ಒಕ್ಕಲೆಬ್ಬಿಸದೆ, ಅವರೂ ಅಲ್ಲೇ ಇದ್ದು ಕಾಡು ನೋಡಿಕೊಳ್ಳುವ ವ್ಯವಸ್ಥೆ 1996ರಲ್ಲಿ ಬಂತು. ಬೇಟ್ಸ್ ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದ ಈಗಾ ಎಂಬ ಊರು ಅದರ ಹತ್ತಿರದ್ದೇ, ಈಗಿನ ಹೆಸರು ತೆಫೆ. ಮಾಮಿರವಾದಲ್ಲಿ ನೀರಿನ ಮೇಲೆ ತೇಲುವ ಒಂದು ತಂಗುಮನೆ ಇದೆ. ಪ್ರಾಣಿ ನೋಡಲು ಬಂದವರನ್ನು ಕಿರುದೋಣಿಯಲ್ಲಿ ಕೂರಿಸಿ ಕಾಡಿನೊಳಗೆ ಕರೆದುಕೊಂಡು ಹೋಗುವ ಗೈಡುಗಳು ಅದೇ ದಡದ ಹಳ್ಳಿಗಳವರು. ಈಗ ಅವರಿಗೆ ಅದು ಸಂಬಳದ ಕೆಲಸ.