ಬಾರಾಮಹಲಿನ ಭೂಮಾಪನವೂ ಜಮೀನು ದಳ್ಳಾಳಿಯ ಕಸುಬೂ

ಜಮೀನಿನ ದಳ್ಳಾಳಿ ಎಂಬುದು ನಮ್ಮಲ್ಲಿ ಅಷ್ಟೇನೂ ಗೌರವದ ಮಾತಲ್ಲ. ಮದುವೆಯ ಮಾತುಕತೆ ನಡೆಸುವವರಿಗೆ ಇರುವ ಮನ್ನಣೆ ಹೊಲದ ಮಾತುಕತೆ ನಡೆಸುವವರಿಗೆ ಇಲ್ಲ. ಆದರೂ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಈ ಕಸುಬಿನಿಂದಲೇ ಬಾಳು ಕಟ್ಟಿಕೊಂಡವರಿದ್ದಾರೆ. ಶಾಲೆ ಮುಗಿಸಿ ಇದನ್ನೇ ಹಿಡಿಯುವ ಹುಡುಗರೂ ಇದ್ದಾರೆ. ಈ ಕಸುಬಿಗೆ ಒಂದು ಇತಿಹಾಸವುಂಟು, ಅದರ ಬೇರು ನಮ್ಮ ಸೀಮೆಯ ಮಣ್ಣಿನಲ್ಲಿಯೇ ಉಂಟು ಎಂಬುದನ್ನು ಅವರಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ.

ದಳ್ಳಾಳಿ ಎಂಬ ಶಬ್ದವು ಅರಬ್ಬಿಯಿಂದ ಬಂದದ್ದು. ತೋರಿಸಿಕೊಡುವವನು ಎಂಬುದು ಅದರ ಮೂಲಾರ್ಥ. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಳ್ಳಾಳಿಯನ್ನು ಓದುಗರು ನೋಡಿರಬಹುದು. ಎತ್ತಿನ ಹಲ್ಲು, ಸುಳಿ, ನಡಿಗೆ ನೋಡಿದರೆ ವ್ಯಾಪಾರ ಮುಗಿಯಿತು. ಹೊಲದ ಮಾತು ಹಾಗಲ್ಲ. ಎಲ್ಲೆ ಎಲ್ಲಿ, ಒಡೆಯರು ಯಾರು, ಸಾಲವೆಷ್ಟು ಎಂಬುದಾವುದೂ ಬದುವಿನ ಮೇಲೆ ನಿಂತವನ ಕಣ್ಣಿಗೆ ಕಾಣುವುದಿಲ್ಲ. ವಿಜಯನಗರ ಕಾಲದ ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳನ್ನು ಎಣಿಸಿ ಭೂಮಿಯನ್ನು ದಾನಮಾಡುತ್ತಿದ್ದರು. ಎಲ್ಲೆಯನ್ನು ಮಾತ್ರ ಬಂಡೆ, ಮರ, ಕೆರೆಗಳಿಂದಲೇ ಹೇಳುತ್ತಿದ್ದರು. ಮರ ಬಿದ್ದರೆ ಎಲ್ಲೆಯೂ ಬಿದ್ದಿತು.

೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಟಿಪ್ಪು ಸುಲ್ತಾನನ ಕೈತಪ್ಪಿ ಕುಂಪಣಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆ ಸೇರಿದ್ದು ೧೭೯೯ರಲ್ಲಿ. ಬಾರಾಮಹಲಿನ ಆಡಳಿತಕ್ಕೆ ಬಂದ ಅಲೆಗ್ಸಾಂಡರ್ ರೀಡನೂ ಅವನ ಸಹಾಯಕ ಥಾಮಸ್ ಮನ್ರೋವೂ ಹೊಲಗಳನ್ನು ಒಂದೊಂದಾಗಿ ಅಳೆಯಿಸಿ, ಒಂದೊಂದಕ್ಕೂ ಕಂದಾಯ ಕಟ್ಟಿ, ರೈತನೊಡನೆ ನೇರವಾಗಿ ವ್ಯವಹರಿಸುವ ಕ್ರಮವನ್ನು ಇಲ್ಲಿ ರೂಢಿಸಿದರು. ಮುಂದೆ ರೈತವಾರಿ ಎಂದು ಮದರಾಸು ಆಧಿಪತ್ಯದಲ್ಲೆಲ್ಲ ಹಬ್ಬಿದ ಪದ್ಧತಿಯ ತೊಟ್ಟಿಲು ಇದೇ. ಅವರ ಉದ್ದೇಶ ಕಂದಾಯವೇ ಹೊರತು ಮಾರಾಟವಲ್ಲ. ಆದರೆ ಹೊಲಕ್ಕೆ ಅಳತೆಯೂ ರೈತನಿಗೆ ಕಾಗದವೂ ದೊರೆತ ಮೇಲೆ, ಹೊಲವು ಕೈಯಿಂದ ಕೈಗೆ ಹೋಗುವ ದಾರಿ ತೆರೆಯಿತು.

ಈ ಸೀಮೆಯಲ್ಲಿ ಮೊದಲ ದೊಡ್ಡ ಮಾರಾಟ ನಡೆಸಿದವರು ದಳ್ಳಾಳಿಗಳಲ್ಲ, ಕುಂಪಣಿ ಸರಕಾರದವರೇ! ೧೯ನೆಯ ಶತಮಾನದ ಆರಂಭದಲ್ಲಿ ಊರುಗಳನ್ನು ಮಿಟ್ಟಾಗಳೆಂದು ಗುಂಪುಮಾಡಿ ಹರಾಜು ಹಾಕಿದರು. ಅನೇಕ ಮಿಟ್ಟಾದಾರರು ಕಂದಾಯ ಕಟ್ಟಲಾರದೆ ಸೋತರು. ಊರುಗಳು ಸರಕಾರಕ್ಕೆ ಮರಳಿದವು. ಉಳಿದ ಮಿಟ್ಟಾಗಳನ್ನು ೧೯೪೮ರ ಎಸ್ಟೇಟು ರದ್ದತಿ ಕಾಯಿದೆ ಮುಗಿಸಿತು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಹೊಸೂರು ಮದರಾಸಿನಲ್ಲಿ ಉಳಿಯಿತು. ಅತ್ತಿಬೆಲೆಯ ಹೊಲಕ್ಕೆ ಪಹಣಿ, ಜೂಜುವಾಡಿಯ ಹೊಲಕ್ಕೆ ಪಟ್ಟಾ, ಚಿಟ್ಟಾ, ಅಡಂಗಲ್ಲು. ಅಲ್ಲಿ ಕನ್ನಡ, ಇಲ್ಲಿ ತಮಿಳು. ಅಳತೆಯೂ ಬೇರೆ. ಮದರಾಸಿನ ಕಡೆಯ ಸರಪಳಿ ೬೬ ಅಡಿ, ಎಕರೆಗೆ ೧೦೦ ಸೆಂಟು. ಮೈಸೂರಿನ ಕಡೆಯ ಸರಪಳಿ ೩೩ ಅಡಿ, ಎಕರೆಗೆ ೪೦ ಗುಂಟೆ. ಒಂದು ಗುಂಟೆಯೆಂದರೆ ೧೦೮೯ ಚದರಡಿ, ಎರಡೂವರೆ ಸೆಂಟು. ನಲವತ್ತು ಸೆಂಟನ್ನು ನಲವತ್ತು ಗುಂಟೆಯೆಂದು ತಿಳಿದವನಿಗೆ ಹದಿನಾರು ಗುಂಟೆ ಮಾತ್ರ ಸಿಕ್ಕೀತು. ಈಗ ಪಟ್ಟಾದಲ್ಲಿ ಹೆಕ್ಟೇರು, ಏರ್ ಎಂದು ಬರೆಯುತ್ತಾರೆ. ಏರ್ ಎಂದರೆ ೧೦೦ ಚದರ ಮೀಟರು. ವಿಚಿತ್ರವೆಂದರೆ ಅದು ನಮ್ಮ ಹಳೆಯ ಗುಂಟೆಗೆ ಹೆಚ್ಚುಕಡಿಮೆ ಸಮ. ಉಪಾಧ್ಯಾಯರು ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ ನೋಡಬಹುದು.

ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ರೈತನಿಗೆ ತನ್ನ ಹೊಲದ ಕಾಗದವನ್ನು ತಾನೇ ಓದಲಾಗದ ಸ್ಥಿತಿ ಹೀಗೆ ಒದಗಿತು. ಓದಿ ಹೇಳುವವನು ಬೇಕಾದನು. ದಳ್ಳಾಳಿಯ ಬಲವೂ ಅಪಾಯವೂ ಹುಟ್ಟಿದ್ದು ಇಲ್ಲಿಯೇ ಎಂದು ನಮ್ಮ ಎಣಿಕೆ.

೧೯೭೧ರಲ್ಲಿ ಸ್ಥಾಪಿತವಾದ ಸಿಪ್ಕಾಟ್ ಸಂಸ್ಥೆಯು ಹೊಸೂರಿನಲ್ಲಿ ಕೈಗಾರಿಕಾ ವಸಾಹತನ್ನು ಕಟ್ಟಿತು. ೧೯೮೦ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯೂ ಅದೇ ದಶಕದಲ್ಲಿ ಟೈಟಾನ್ ಗಡಿಯಾರದ ಕಾರ್ಖಾನೆಯೂ ಬಂದವು. ಸುಮಾರು ೪೦ ಕಿಲೋಮೀಟರು ದೂರದ ಬೆಂಗಳೂರೂ ಬೆಳೆಯುತ್ತ ಇತ್ತ ಚಾಚಿತು. ರಾಗಿಯ ಹೊಲಗಳು ಸೈಟುಗಳಾದವು. ೨೦೧೯ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು.

ಈ ಅಬ್ಬರದಲ್ಲಿ ಒಂದೆರಡು ವರ್ಷ ಮಿಂಚಿ ಮರೆಯಾದ ದಳ್ಳಾಳಿಗಳುಂಟು, ಮೂವತ್ತು ವರ್ಷ ನಿಂತವರೂ ಉಂಟು. ನಿಂತವರು ಮಾತಿನ ಮಲ್ಲರೇ ಆಗಿರಬೇಕಿಲ್ಲ. ಋಣಭಾರದ ಪತ್ರವನ್ನು ಮೂವತ್ತು ವರ್ಷ ಹಿಂದಕ್ಕೆ ತೆಗೆಸಿ ನೋಡುವವರು. ಹೊಲದ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೂಲೆಯ ಕಲ್ಲುಗಳನ್ನು ಹುಡುಕುವವರು. ನಕ್ಷೆಯಲ್ಲಿ ಪೊರಂಬೋಕು ಕಾಲುವೆಯಿದ್ದರೆ ಅದನ್ನು ಮರೆಮಾಚದವರು. ಮುಖ್ಯವಾಗಿ, ಹೆಣ್ಣುಮಕ್ಕಳ ರುಜುವಿಲ್ಲದೆ ಮುಂದುವರಿಯದವರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ತಮಿಳುನಾಡು ೧೯೮೯ರಲ್ಲಿಯೂ ಕರ್ನಾಟಕ ೧೯೯೪ರಲ್ಲಿಯೂ ಇಡೀ ದೇಶ ೨೦೦೫ರಲ್ಲಿಯೂ ಒಪ್ಪಿತು. ಆನೇಕಲ್ಲಿಗೆ ಕೊಟ್ಟ ತಂಗಿಯನ್ನು ಮರೆತು ಅಣ್ಣತಮ್ಮಂದಿರು ಮಾತ್ರ ರುಜು ಹಾಕಿದ ಕ್ರಯಪತ್ರವು ಕೊಂಡವನನ್ನು ನ್ಯಾಯಾಲಯಕ್ಕೆ ಅಲೆಸುತ್ತದೆ. ತಂಗಿಗೂ ಅದು ಅನ್ಯಾಯವೇ.

ಅನುಮೋದನೆಯಿಲ್ಲದ ಬಡಾವಣೆಗಳ ಹಾವಳಿ ಎಷ್ಟಾಯಿತೆಂದರೆ, ಅಂಥ ಸೈಟುಗಳ ನೋಂದಣಿಯನ್ನು ಮದರಾಸು ಉಚ್ಚ ನ್ಯಾಯಾಲಯವು ೨೦೧೬ರ ಸೆಪ್ಟೆಂಬರಿನಲ್ಲಿ ತಡೆಯಿತು. ಅದೇ ವರ್ಷದ ರೇರಾ ಕಾಯಿದೆಯ ೯ನೆಯ ಕಲಮಿನಂತೆ, ಆ ಕಾಯಿದೆಯಡಿ ನೋಂದಣಿಯಾಗಬೇಕಾದ ಬಡಾವಣೆಗಳನ್ನು ಮಾರಿಸುವ ದಳ್ಳಾಳಿ ತಾನೂ ನೋಂದಣಿ ಮಾಡಿಸಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಸೈಟಿನ ಬೆಲೆಯ ಶೇಕಡಾ ಐದರವರೆಗೆ ದಂಡ.

ಇದಕ್ಕಿಂತ ಹಳೆಯದಾದ, ಆದರೆ ಹೆಚ್ಚು ಜನಕ್ಕೆ ತಿಳಿಯದ ಕಾಯಿದೆ ಇನ್ನೊಂದಿದೆ. ದನದ ಜಾತ್ರೆಯ ಟವಲಿನ ಮರೆಯನ್ನು ಹೊಲದ ವ್ಯಾಪಾರಕ್ಕೂ ತಂದು, ರೈತನಿಗೊಂದು ಬೆಲೆ, ಕೊಳ್ಳುವವನಿಗೊಂದು ಬೆಲೆ ಹೇಳುವವರಿದ್ದಾರಲ್ಲವೇ? ೧೮೭೨ರ ಕರಾರು ಕಾಯಿದೆಯು ೨೧೬ನೆಯ ಕಲಮಿನಲ್ಲಿ ಇಂಥವರನ್ನು ಹಿಡಿಯುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಇದು: ಒಬ್ಬನು ತನಗಾಗಿ ಒಂದು ಮನೆಯನ್ನು ಕೊಳ್ಳೆಂದು ಏಜೆಂಟನಿಗೆ ಹೇಳುತ್ತಾನೆ. ಅದು ಸಿಕ್ಕುವುದಿಲ್ಲವೆಂದು ಹೇಳಿ ಏಜೆಂಟನು ತಾನೇ ಅದನ್ನು ಕೊಳ್ಳುತ್ತಾನೆ. ಸಂಗತಿ ಬಯಲಾದಾಗ, ಏಜೆಂಟನು ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಬಿಟ್ಟುಕೊಡೆಂದು ಮೊದಲಿನವನು ಒತ್ತಾಯಿಸಬಹುದು.