ಪುಷ್ಪಕದಿಂದ ವೈರಸ್‌ವರೆಗೆ: ಎನ್‌ಸಿಸಿ ಏರ್‌ವಿಂಗಿನ ಹಾದಿ

ಎನ್‌ಸಿಸಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಖಾಕಿ ಸಮವಸ್ತ್ರ, ಬಿಸಿಲಿನ ಪರೇಡು, ಅದು ಮುಗಿದ ಮೇಲೆ ಸಿಗುವ ತಿಂಡಿ. ಏರ್‌ವಿಂಗಿನ ನೀಲಿ ಸಮವಸ್ತ್ರ ಕಂಡರೆ ಮಾತ್ರ ಉಳಿದ ಕೆಡೆಟ್‌ಗಳಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಇವರಿಗೆ ವಿಮಾನ ಹಾರಿಸುವ ಯೋಗವಿದೆಯಲ್ಲ! ಆ ಯೋಗ ಎಲ್ಲರ ಪಾಲಿಗೂ ಬರುವುದಿಲ್ಲ ಎಂಬುದು ಸೇರಿದ ಮೇಲೆ ತಿಳಿಯುತ್ತದೆ.

ಬ್ರಿಟನ್ 1941ರಲ್ಲಿ ಏರ್ ಟ್ರೇನಿಂಗ್ ಕೋರ್ ಕಟ್ಟಿದ್ದು ಯುದ್ಧಕ್ಕೆ ವಾಯುಪಡೆಯ ಹುಡುಗರು ಬೇಕೆಂದು. ನಮ್ಮದು ಯುದ್ಧ ಮುಗಿದ ಮೇಲಿನ ಕೂಸು. ವಿದ್ಯಾರ್ಥಿ ಕೆಡೆಟ್ ಪಡೆಯ ಬಗ್ಗೆ ನೇಮಿಸಿದ 1946ರ ಕುಂಜ್ರು ಸಮಿತಿ, ಎನ್‌ಸಿಸಿಯನ್ನು ಹುಟ್ಟಿಸಿದ 1948ರ ಕಾಯ್ದೆ, ಆಮೇಲೆ 1950ರ ಏಪ್ರಿಲ್ 1ರಂದು ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ತಲಾ ಒಂದು ಏರ್ ಸ್ಕ್ವಾಡ್ರನ್. ಚೀನಾ ಯುದ್ಧದ ಬಿಸಿಯಲ್ಲಿ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಇಷ್ಟವಿದ್ದವರಿಗಷ್ಟೇ ಆಯಿತು. ಕಡ್ಡಾಯ ಮಾಡಿ ತಲೆ ಹೆಚ್ಚಿಸಬಹುದು, ವಿಮಾನ ಹೆಚ್ಚಿಸಲಾಗದು.

ವಿಮಾನಗಳ ಕಥೆ ಬೆಂಗಳೂರಿನದೂ ಹೌದು. ಎಚ್‌ಎಎಲ್ ತಯಾರಿಸಿದ ಎರಡು ಸೀಟಿನ ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ. ಫ್ಲೈಯಿಂಗ್ ಕ್ಲಬ್ಬುಗಳ ಜೊತೆಗೆ ಕೆಡೆಟ್‌ಗಳಿಗೂ ಅದೇ ಗುರು. ಎಂಜಿನ್ನೇ ಇಲ್ಲದ ರೋಹಿಣಿ ಗ್ಲೈಡರನ್ನು ನೆಲದ ಮೇಲಿನ ವಿಂಚ್ ತಂತಿ ಸುತ್ತಿ ಎಳೆದು ಮೇಲಕ್ಕೇರಿಸುತ್ತಿತ್ತು. ಮುಂದೆ ಜೆನ್ ಏರ್ ಎಂಬ ಪುಟ್ಟ ಹಗುರ ವಿಮಾನಗಳು, ಅಂದರೆ ಮೈಕ್ರೋಲೈಟ್‌ಗಳು, ಅವುಗಳ ಜಾಗಕ್ಕೆ ಸ್ಲೊವೇನಿಯಾದ ವೈರಸ್ ಎಸ್‌ಡಬ್ಲ್ಯು ಮೈಕ್ರೋಲೈಟ್‌ಗಳು ಬಂದವು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಈ ಹಾರಾಟ ಆಗುವುದು ಶಿಕ್ಷಕರ ಪಕ್ಕದಲ್ಲೇ ಕುಳಿತು. ಕೆಲವು ನಿಮಿಷ ಸ್ಟಿಕ್ ಕೆಡೆಟ್‌ನ ಕೈಯಲ್ಲಿರುತ್ತದೆ, ಶಿಕ್ಷಕರ ಕೈ ಅದರ ಸಮೀಪದಲ್ಲೇ ಇರುತ್ತದೆ.

ಸರದಿ ಬಾರದವರಿಗೆ ಉಳಿಯುವುದು ಏರೋಮಾಡಲಿಂಗ್. ಉಳಿಯುವುದು ಎಂದೆನೇ? ನನ್ನ ಮಟ್ಟಿಗೆ ಏರ್‌ವಿಂಗಿನ ನಿಜವಾದ ಪಾಠಶಾಲೆ ಅದೇ. ಬಾಲ್ಸಾ ಮರದ ತೆಳುಹಲಗೆ ಕೊಯ್ದು, ಉಜ್ಜಿ, ಅಂಟಿಸಿ ಮಾಡಿದ ಗ್ಲೈಡರ್ ಮೂತಿ ಹಗುರಾದರೆ ತಲೆಯೆತ್ತಿ ನಿಂತು ಬೀಳುತ್ತದೆ. ಮೂತಿಗೆ ಚೂರು ತೂಕ ಅಂಟಿಸಿದರೆ ನೆಟ್ಟಗೆ ತೇಲುತ್ತದೆ. ಗುರುತ್ವ ಕೇಂದ್ರ ಎಂದರೇನೆಂದು ಪುಸ್ತಕ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಕಂಟ್ರೋಲ್ ಲೈನ್ ಮಾದರಿಯಲ್ಲಂತೂ ತಂತಿಗೆ ಕಟ್ಟಿದ ವಿಮಾನ ಗುಯ್ಗುಟ್ಟುತ್ತ ಸುತ್ತುತ್ತದೆ, ಹಾರಿಸುವ ಹುಡುಗಿ ನಡುವೆ ನಿಂತು ತಾನೂ ಸುತ್ತಬೇಕು. ತಲೆ ತಿರುಗಿ ಕೈ ತಪ್ಪಿತೋ, ವಾರಗಳ ಕೆಲಸ ಚೂರುಚೂರು. ಇದರಲ್ಲಿ ಗೆದ್ದವರು ಅಖಿಲ ಭಾರತ ವಾಯುಸೈನಿಕ ಶಿಬಿರಕ್ಕೆ ಹೋಗುತ್ತಾರೆ. ಅಲ್ಲಿ ಮೈಕ್ರೋಲೈಟ್ ಹಾರಾಟ, ಗಾಳಿಗೆ ಎಸೆದ ಬಿಲ್ಲೆಗೆ ಗುರಿಯಿಡುವ ಸ್ಕೀಟ್ ಶೂಟಿಂಗ್ ಎಲ್ಲವೂ ಪಣಕ್ಕಿರುತ್ತವೆ.

ಚಾರಣ, ಗಣರಾಜ್ಯೋತ್ಸವ ಶಿಬಿರ, ಹೊರದೇಶದ ಯುವ ವಿನಿಮಯ ಎನ್‌ಸಿಸಿಯ ಭೂ, ನೌಕಾ, ವಾಯು ಮೂರೂ ವಿಭಾಗಗಳಿಗೆ ಒಂದೇ. ಗಟ್ಟಿ ಎದೆಯ ಕೆಲವರು ಆಗ್ರಾಕ್ಕೆ ಹೋಗಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದೂ ಬರುತ್ತಾರೆ.

ಎನ್‌ಸಿಸಿಯ ಕೊನೆಯ ಹಂತದ ಪರೀಕ್ಷೆ ಪಾಸಾಗಿ ಏರ್‌ವಿಂಗಿನ 'ಸಿ' ಸರ್ಟಿಫಿಕೇಟ್ ಪಡೆದವರಿಗೆ ವಾಯುಪಡೆಯ ಹಾರಾಟ ವಿಭಾಗದಲ್ಲಿ ಮೀಸಲು ಸ್ಥಾನಗಳಿವೆ. ಈಗ ಸಿಮ್ಯುಲೇಟರ್, ಡ್ರೋನ್‌ಗಳೂ ತರಬೇತಿಗೆ ಸೇರುತ್ತಿವೆ. ರನ್‌ವೇ ಹತ್ತಿರವಿಲ್ಲದ ಕಾಲೇಜುಗಳಿಗೆ ಮೊದಲು ತಲುಪಬೇಕಾದವು ಇವೇ. ಅದಕ್ಕೂ ಮೊದಲು ಅಲ್ಲೊಂದು ಏರೋಮಾಡಲಿಂಗ್ ಕೋಣೆ ತೆರೆಯಬಹುದು. ಖರ್ಚು ಕಡಿಮೆ, ವಿಮಾನ ನಿಲ್ದಾಣವೂ ಬೇಡ.